ಎಣ್ಣೆ ಬಂದಾಗ ಕಣ್ಣು ಬಿಟ್ಟು ನೋಡಿ

(ಡೀಸೆಲ್ ಪಿಕಪ್ ಇಟ್ಟುಕೊಂಡವರ ಒಂದು ಗುಂಪಿನ ಮುಂದೆ ಆಡಿದ ಮಾತು ಇದು. ಬರೆಯುವಾಗ ಕೆಮ್ಮು, ನಗು, ಎರಡೆರಡು ಸಲ ಹೇಳಿದ್ದು ತೆಗೆದಿದ್ದೇನೆ. ಉಳಿದದ್ದು ಹೇಳಿದ ಹಾಗೇ ಇದೆ.)

ಮೇಜಿನ ಮೇಲೆ ಎಂಜಿನ್ ಎಣ್ಣೆಯ ಎರಡು ಡಬ್ಬ ಇಟ್ಟಿದ್ದೇನೆ. ಹಿಂದೆ ಕೂತವರಿಗೂ ಕಾಣುತ್ತಿದೆ ಅಲ್ವಾ? ಕಂಪನಿ ಹೆಸರಿನ ಮೇಲೆ ಟೇಪು ಅಂಟಿಸಿದ್ದೇನೆ, ಅದು ಇವತ್ತಿನ ವಿಷಯ ಅಲ್ಲ. ಮೊದಲನೇ ಡಬ್ಬದ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ‘ಫುಲ್ಲಿ ಸಿಂಥೆಟಿಕ್, 5ಡಬ್ಲ್ಯೂ-40, ಡೀಸೆಲ್’ ಅಂತಿದೆ. ಎರಡನೇದರಲ್ಲೂ ‘ಫುಲ್ಲಿ ಸಿಂಥೆಟಿಕ್, 5ಡಬ್ಲ್ಯೂ-40, ಪೆಟ್ರೋಲ್ ಮತ್ತು ಡೀಸೆಲ್’ ಅಂತಿದೆ. ಎರಡೂ ಒಳ್ಳೆಯ ಎಣ್ಣೆಯೇ. ಎರಡನ್ನೂ ನಾನು ಬಳಸಿದ್ದೇನೆ. ಆದರೆ ಹೊರಗೆ ನಿಂತಿರುವ ನಿಮ್ಮ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಡಿಗೆ ಇವುಗಳಲ್ಲಿ ಒಂದನ್ನು ಹಾಕಬಾರದು. ಯಾವುದು, ಯಾಕೆ ಅನ್ನುವುದು ಮುಂಭಾಗದಲ್ಲಿ ಎಲ್ಲೂ ಬರೆದಿಲ್ಲ. ಡಬ್ಬ ತಿರುಗಿಸಿ ಸಣ್ಣಕ್ಷರ ಓದಬೇಕು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಅಂತ ನಮ್ಮಲ್ಲೊಂದು ಮಾತಿದೆ. ಎಂಜಿನ್ ಎಣ್ಣೆ ಕೊಳ್ಳುವಾಗ ನಾವು ಮಾಡುವುದೂ ಅದೇ. ಗಾಡಿ ಕೊಳ್ಳುವಾಗ ಆರು ತಿಂಗಳು ಯೋಚಿಸುತ್ತೇವೆ. ಎಣ್ಣೆಯನ್ನು ಒಂದು ನಿಮಿಷದಲ್ಲಿ, ಡಬ್ಬದ ಬಣ್ಣ ನೋಡಿ ಎತ್ತಿಕೊಂಡು ಬರುತ್ತೇವೆ.

ನಾನು ಕೆಮಿಸ್ಟ್ರಿ ಓದಿದವನಲ್ಲ. ಎಂಜಿನ್ ಬಿಚ್ಚಿ ಕಟ್ಟುತ್ತಾ ಕೈ ಕಪ್ಪು ಮಾಡಿಕೊಂಡವನು. ಹಾಗಾಗಿ ಕೈ ಕಪ್ಪಾಗುವುದು ಯಾಕೆ ಅನ್ನುವಲ್ಲಿಂದಲೇ ಶುರು ಮಾಡುತ್ತೇನೆ.

ಡೀಸೆಲ್ ಎಂಜಿನ್‌ಗೆ ಎಣ್ಣೆ ಬದಲಿಸಿ, ಐದು ನಿಮಿಷ ಓಡಿಸಿ, ಎಣ್ಣೆಯ ಮಟ್ಟ ನೋಡುವ ಕಡ್ಡಿ ತೆಗೆದು ನೋಡಿ. ಜೇನಿನ ಬಣ್ಣದ್ದು ಆಗಲೇ ಮಸಿಯಾಗಿರುತ್ತದೆ. ಹೊಸಬರು ಗಾಬರಿಯಾಗಿ ಫೋನ್ ಮಾಡುತ್ತಾರೆ, ಮೋಸ ಮಾಡಿ ಹಳೇ ಎಣ್ಣೆಯನ್ನೇ ತುಂಬಿದ್ದಾರೆ ಅಂತ. ಮೋಸ ಏನಿಲ್ಲ. ಡೀಸೆಲ್‌ನಲ್ಲಿ ಇಂಧನ ಗಾಳಿಯ ಜೊತೆ ಮೊದಲೇ ಚೆನ್ನಾಗಿ ಬೆರೆಯುವುದಿಲ್ಲ. ಬಿಸಿಯಾದ, ಒತ್ತಿ ಹಿಡಿದ ಗಾಳಿಗೆ ಪಿಚಕಾರಿ ಹೊಡೆದ ಹಾಗೆ ಒಳಗೆ ಬಂದು, ಬಂದ ಜಾಗದಲ್ಲೇ ಉರಿಯುತ್ತದೆ. ಹನಿಯ ಸುತ್ತ ಗಾಳಿ ಸಾಲದ ಕಡೆ ಮಸಿ ಹುಟ್ಟುತ್ತದೆ. ಒಂದಷ್ಟು ಹೊಗೆಯಾಗಿ ಹೋಗುತ್ತದೆ, ಒಂದಷ್ಟು ಪಿಸ್ಟನ್ ರಿಂಗಿನ ಸಂದಿಯಲ್ಲಿ ಇಳಿದು ಎಣ್ಣೆಗೆ ಸೇರುತ್ತದೆ. ಎಂಜಿನ್ ಒಳಗೆ ಅಂಟಿಕೊಂಡಿದ್ದ ಹಳೇ ಎಣ್ಣೆಯ ಉಳಿಕೆಯೂ ಸೇರಿತು ಅಂದರೆ ಹೊಸದು ಕಪ್ಪಾಗಲು ಹೊತ್ತು ಬೇಡ.

ಇಜಿಆರ್ ಅಂತ ಒಂದು ಬಂತಲ್ಲ, ಹೊಗೆಯಲ್ಲೇ ಒಂದು ಪಾಲನ್ನು ತಿರುಗಿ ಎಂಜಿನ್‌ಗೆ ಕುಡಿಸುವ ಏರ್ಪಾಟು, ಅದು ಬಂದ ಮೇಲೆ ಮಸಿ ಇನ್ನೂ ಜಾಸ್ತಿಯಾಯಿತು. ಈ ಮಸಿಯ ಕಣ ಒಂಟಿಯಾಗಿದ್ದರೆ ತೊಂದರೆ ಕಡಿಮೆ. ಗುಂಪು ಕಟ್ಟಿಕೊಂಡರೆ ಕಷ್ಟ. ಎಣ್ಣೆ ಮಂದವಾಗುತ್ತದೆ, ಕ್ಯಾಮ್‌ನಂಥ ಭಾಗಗಳನ್ನು ಉಜ್ಜಿ ಸವೆಸುತ್ತದೆ. ಗುಂಪು ಕಟ್ಟದ ಹಾಗೆ ಕಣಗಳನ್ನು ಬಿಡಿಬಿಡಿಯಾಗಿ ತೇಲಿಸಿ ಇಡುವ ಕೆಲಸಕ್ಕೆ ಎಣ್ಣೆಯಲ್ಲಿ ಡಿಸ್ಪರ್ಸೆಂಟ್ ಅಂತ ಸೇರಿಸಿರುತ್ತಾರೆ. ಆಮ್ಲವನ್ನು ಕೊಲ್ಲಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಡಿಟರ್ಜೆಂಟ್. ಸವೆತ ತಡೆಯಲು ಸತು ಮತ್ತು ರಂಜಕದ ಒಂದು ಸಂಯುಕ್ತ, ಜನ ಚಿಕ್ಕದಾಗಿ ಜಿಂಕ್ ಅಂತಲೇ ಕರೆಯುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ಈ ಮೂರನ್ನು ಒಂಚೂರು ನೆನಪಿಡಿ. ಮುಂದೆ ಜಗಳ ಬರುವುದು ಇವುಗಳಿಂದಲೇ. ಕಪ್ಪು ಎಣ್ಣೆ ಅಂದರೆ ಕೆಟ್ಟ ಎಣ್ಣೆ ಅಲ್ಲ, ಮಸಿಯನ್ನು ಹಿಡಿದಿಟ್ಟುಕೊಂಡ ಎಣ್ಣೆ. ಎರಡು ಸಾವಿರ ಕಿಲೋಮೀಟರ್ ಆದರೂ ಫಳಫಳ ಅನ್ನುವ ಡೀಸೆಲ್ ಎಣ್ಣೆ ಕಂಡರೆ ನನಗೇ ಅನುಮಾನ. ಮಸಿ ಎಲ್ಲಿ ಹೋಗಿ ಕೂತಿದೆ ಅಂತ.

ಈಗ ಆ ಸಿಂಥೆಟಿಕ್ ಅನ್ನುವ ಪದ. ಜನ ಅದನ್ನು ಚಿನ್ನದ ಕ್ಯಾರೆಟ್ ಥರ ಓದುತ್ತಾರೆ. ಅದು ಹಾಗಲ್ಲ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಎಪಿಐ, ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದೆ. ಒಂದು, ಎರಡು, ಮೂರು ಕಚ್ಚಾ ತೈಲದಿಂದ ಬಂದವು, ಒಂದಕ್ಕಿಂತ ಒಂದು ಜಾಸ್ತಿ ಶುದ್ಧ. ನಾಲ್ಕು ಅಂದರೆ ಪಿಎಒ, ಚಿಕ್ಕ ಅಣುಗಳನ್ನು ಜೋಡಿಸಿ ಕಾರ್ಖಾನೆಯಲ್ಲಿ ಕಟ್ಟಿದ್ದು. ಐದು ಅಂದರೆ ಉಳಿದ ಎಲ್ಲವೂ, ಎಸ್ಟರ್ ಇತ್ಯಾದಿ. ಒಂದು ಕಾಲದಲ್ಲಿ ಸಿಂಥೆಟಿಕ್ ಅಂದರೆ ನಾಲ್ಕು, ಐದು ಮಾತ್ರ. ಆಮೇಲೆ ಮೂರನೇ ಗುಂಪನ್ನು ಎಷ್ಟು ಚೆನ್ನಾಗಿ ಮಾಡಲು ಬಂತು ಅಂದರೆ, ಅದನ್ನೂ ಸಿಂಥೆಟಿಕ್ ಅಂತಲೇ ಮಾರಲು ಶುರು ಮಾಡಿದರು. ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ಮೇಲೆ ಅಮೆರಿಕದ ಜಾಹೀರಾತು ಪಂಚಾಯಿತಿಗೆ, ಅಂದರೆ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್‌ಗೆ, ದೂರು ಕೊಟ್ಟಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಕಡೆಗೆ ಬಂತು. ಮೂರನೇ ಗುಂಪನ್ನೂ ಸಿಂಥೆಟಿಕ್ ಅನ್ನಬಹುದು ಅಂತ.

ಅದರಿಂದ ನಮಗೇನು? ಸಿಂಥೆಟಿಕ್ ಅನ್ನುವುದು ಎಣ್ಣೆಯ ಹುಟ್ಟಿನ ಬಗ್ಗೆ ಒಂದು ಮಾತು, ಅಷ್ಟೇ. ಅದು ನಿಮ್ಮ ಎಂಜಿನ್‌ಗೆ ಒಗ್ಗುತ್ತದಾ ಅಂತ ಹೇಳುವುದಿಲ್ಲ. ಹಾಗಂತ ಸಿಂಥೆಟಿಕ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನ್ನ ಗಾಡಿಗಳಿಗೂ ಅದನ್ನೇ ಹಾಕುತ್ತೇನೆ. ಕೊರೆಯುವ ಚಳಿಯಲ್ಲಿ ಬೇಗ ಹರಿಯುತ್ತದೆ. ಬಿಸಿಗೆ ಬೇಗ ಸುಡುವುದಿಲ್ಲ, ಆವಿಯಾಗಿ ಹೋಗುವುದೂ ಕಡಿಮೆ. ನಿಜವಾದ ವ್ಯತ್ಯಾಸ ನೋಡಬೇಕಾದರೆ ಟರ್ಬೊ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಭಾಗ, ಬಿಚ್ಚಬೇಕು. ಲಕ್ಷಕ್ಕೂ ಮೇಲೆ ಸುತ್ತುವ ಶಾಫ್ಟ್ ಅದು, ನಿಮಿಷಕ್ಕೆ. ಅದನ್ನು ಎತ್ತಿ ಹಿಡಿದಿರುವುದು ಕೂದಲೆಳೆಯಷ್ಟು ತೆಳುವಾದ ಎಣ್ಣೆಯ ಪೊರೆ. ಭಾರ ಎಳೆದು ಏರು ಹತ್ತಿ ಬಂದು, ತಕ್ಷಣ ಕೀಲಿ ತಿರುಗಿಸಿ ಆರಿಸಿದರೆ ಎಣ್ಣೆ ಹರಿಯುವುದು ನಿಲ್ಲುತ್ತದೆ, ಬಿಸಿ ಮಾತ್ರ ನಿಲ್ಲುವುದಿಲ್ಲ. ಅಲ್ಲಿ ನಿಂತ ಎಣ್ಣೆ ಸುಟ್ಟು ಇದ್ದಿಲಿನ ಹಾಗೆ ಗಟ್ಟಿಯಾಗುತ್ತದೆ. ಅಂಥ ಒಂದು ಶಾಫ್ಟನ್ನು ಉಗುರಿನಿಂದ ಕೆರೆದು ನೋಡಿದ್ದೇನೆ. ಉಗುರು ಸವೆಯಿತು, ಅದು ಬರಲಿಲ್ಲ. ಒಳ್ಳೆಯ ಸಿಂಥೆಟಿಕ್ ಅಲ್ಲಿ ಜಾಸ್ತಿ ಹೊತ್ತು ತಡೆಯುತ್ತದೆ. ಎಂಜಿನ್ ಆರಿಸುವ ಮುಂಚೆ ಎರಡು ನಿಮಿಷ ನಿಧಾನಕ್ಕೆ ಓಡಲು ಬಿಟ್ಟರೆ ಇನ್ನೂ ಒಳ್ಳೆಯದು. ಅದಕ್ಕೆ ಕಾಸೇನೂ ಬೇಡ.

ಅಂಕಿಗಳ ವಿಷಯ ಬೇಗ ಮುಗಿಸುತ್ತೇನೆ, ತುಂಬಾ ಜನಕ್ಕೆ ಗೊತ್ತಿರುವುದೇ. 5ಡಬ್ಲ್ಯೂ-40ರಲ್ಲಿ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ವೆಯ್ಟ್ ಅಲ್ಲ. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಸಲೀಸು. ಎಂಜಿನ್ ತಿರುಗಿಸುವ ಪರೀಕ್ಷೆಯನ್ನು 15ಡಬ್ಲ್ಯೂಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಮಾಡುತ್ತಾರೆ. 5ಡಬ್ಲ್ಯೂಗೆ 30 ಡಿಗ್ರಿ ಕೆಳಗೆ, 0ಡಬ್ಲ್ಯೂಗೆ 35. ಡಬ್ಲ್ಯೂ ಆದಮೇಲೆ ಬರುವ ಅಂಕಿ ಬಿಸಿಯಲ್ಲಿ ಎಷ್ಟು ಮಂದ ಅನ್ನುವುದನ್ನು ಹೇಳುತ್ತದೆ. 100 ಡಿಗ್ರಿಯಲ್ಲಿ ಅಳೆದರೆ 30ರ ಎಣ್ಣೆ 9.3ರಿಂದ 12.5 ಸೆಂಟಿಸ್ಟೋಕ್ (ಎಣ್ಣೆ ಎಷ್ಟು ಮಂದ ಅನ್ನುವ ಅಳತೆ) ಒಳಗೆ, 40ರದ್ದು 12.5ರಿಂದ 16.3ರ ಒಳಗೆ. ಅಂದರೆ 15ಡಬ್ಲ್ಯೂ-40, 5ಡಬ್ಲ್ಯೂ-40 ಎರಡೂ ಬಿಸಿಯಾದ ಮೇಲೆ ಒಂದೇ ದರ್ಜೆಗೆ ಸೇರುತ್ತವೆ. ವ್ಯತ್ಯಾಸ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ. ಐದು ತೆಳು, ಹದಿನೈದು ಮಂದ, ಭಾರ ಎಳೆಯಲು ಹದಿನೈದೇ ಗಟ್ಟಿ ಅಂತ ಹೇಳುವವರ ಮಾತು ನಂಬಬೇಡಿ. ಎಂಜಿನ್ ಬಿಸಿಯಾದ ಮೇಲೆ ಆ ಐದೂ ಹದಿನೈದೂ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಅಂಕಿ ಇದೆ, ಡಬ್ಬದ ಮೇಲೆ ಬರೆಯುವುದಿಲ್ಲ. ಎಚ್‌ಟಿಎಚ್‌ಎಸ್ ಅಂತಾರೆ. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗ್ ಒಳಗೆ ಆಗುವ ಹಾಗೆ ಜೋರಾಗಿ ಉಜ್ಜಿದಾಗ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಅನ್ನುವ ಅಳತೆ. ಭಾರ ಎಳೆಯುವವರಿಗೆ ಮುಖ್ಯವಾದದ್ದು ಇದು. 3.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೊರೆ ದಪ್ಪ. 2.9ರ ಆಸುಪಾಸು ಇದ್ದರೆ ಇಂಧನ ಸ್ವಲ್ಪ ಉಳಿಯುತ್ತದೆ, ಪೊರೆ ತೆಳು. ತೆಳು ಪೊರೆಗೆ ಅಂತಲೇ ಮಾಡಿದ ಎಂಜಿನ್‌ನಲ್ಲಿ ಅದು ಸರಿ. ಬೇರೆಯದರಲ್ಲಿ ಅಲ್ಲ.

ಈಗ ಡಬ್ಬ ತಿರುಗಿಸೋಣ.

ಮೊದಲನೇ ಡಬ್ಬದ ಹಿಂದೆ ಎಪಿಐ ಸಿಕೆ-4 ಅಂತಿದೆ. ಎಪಿಐ ಲೆಕ್ಕದಲ್ಲಿ ‘ಸಿ’ ಸಾಲು ಡೀಸೆಲ್‌ಗೆ, ‘ಎಸ್’ ಸಾಲು ಪೆಟ್ರೋಲ್‌ಗೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಸಿಐ-4 ಬಂದದ್ದು 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರ ಡಿಸೆಂಬರ್‌ನಲ್ಲಿ. ಸಿಕೆ-4 ಜೊತೆಗೇ ಎಫ್‌ಎ-4 ಅಂತ ಇನ್ನೊಂದು ಬಂತು. ಹೆಸರು ಕೇಳಿದರೆ ಅಣ್ಣತಮ್ಮಂದಿರ ಹಾಗಿದೆ. ಆದರೆ ಎಫ್‌ಎ-4 ಅಂದರೆ ಆಗ ಹೇಳಿದ ತೆಳು ಪೊರೆಯದ್ದು, ಎಚ್‌ಟಿಎಚ್‌ಎಸ್ 2.9ರಿಂದ 3.2. ಅದಕ್ಕೆಂದೇ ಮಾಡಿದ ಕೆಲವು ಹೊಸ ಎಂಜಿನ್‌ಗಳಿಗೆ ಮಾತ್ರ. ಸಿಕೆ-4 ಹಳೆಯ ಸಿಜೆ-4, ಸಿಐ-4 ಜಾಗಕ್ಕೆ ನಡೆಯುತ್ತದೆ, ಎಫ್‌ಎ-4 ನಡೆಯುವುದಿಲ್ಲ. ಎರಡೂ ಒಂದೇ ಕಂಪನಿಯ ಒಂದೇ ಬಣ್ಣದ ಡಬ್ಬದಲ್ಲಿ ಪಕ್ಕಪಕ್ಕ ಇರಬಹುದು. 10ಡಬ್ಲ್ಯೂ-30 ಅಂತ ಎರಡರ ಮೇಲೂ ಬರೆದಿರಬಹುದು. ನೋಡಿ ಎತ್ತಿಕೊಳ್ಳಿ.

ಸಿಕೆ-4 ಅಂತ ಇದ್ದರೆ ಸಾಕಾ? ಅದೂ ಎಲ್ಲರಿಗೂ ಸಾಲದು. 2016ರಲ್ಲಿ ಸಿಕೆ-4 ಬರುವಾಗ ಫೋರ್ಡ್ ತನ್ನ ಡೀಸೆಲ್‌ಗಳಿಗೆ ಬರೀ ಸಿಕೆ-4 ಒಪ್ಪಲಿಲ್ಲ. ಸವೆತ ತಡೆಯುವ ರಂಜಕ ಕನಿಷ್ಠ 1000 ಪಿಪಿಎಂ ಇರಬೇಕು ಅಂತ ತನ್ನದೇ ಗುರುತು ಕೊಟ್ಟಿತು, ಡಬ್ಲ್ಯೂಎಸ್‌ಎಸ್-ಎಂ2ಸಿ171-ಎಫ್1. ಕಮಿನ್ಸ್ ಎಂಜಿನ್‌ಗೆ ಅದರದೇ ಗುರುತು, ಸಿಇಎಸ್ 20086. ಜನರಲ್ ಮೋಟರ್ಸ್‌ನ 3 ಲೀಟರ್ ಡುರಾಮ್ಯಾಕ್ಸ್ ಪಿಕಪ್‌ಗೆ ಬೇಕಾದದ್ದು ಡೆಕ್ಸೋಸ್ ಡಿ ಅನ್ನುವ ಅದರದೇ ಗುರುತಿನ ಎಣ್ಣೆ, ಅದೂ 0ಡಬ್ಲ್ಯೂ-20. ಅದೇ ಕಂಪನಿಯ 6.6 ಲೀಟರ್‌ಗೆ 15ಡಬ್ಲ್ಯೂ-40. ಒಂದೇ ಹೆಸರು, ಎರಡು ಎಂಜಿನ್, ಎಣ್ಣೆಯಲ್ಲಿ ಅಜಗಜಾಂತರ. ಜಪಾನಿನ ಚಿಕ್ಕ ಡೀಸೆಲ್ ಆದರೆ ಪುಸ್ತಕದಲ್ಲಿ ಅಲ್ಲಿನ ದರ್ಜೆ, ಜಾಸೋ ಡಿಎಲ್-1 ಅಂತ ಕಾಣಬಹುದು. ಯುರೋಪಿನದಾದರೆ ಅಲ್ಲಿನ ಗಾಡಿ ತಯಾರಕರ ಸಂಘದ, ಅಂದರೆ ಎಸಿಇಎ ದರ್ಜೆ, ಸಿ2, ಸಿ3. ಇವನ್ನೆಲ್ಲ ಬಾಯಿಪಾಠ ಮಾಡಬೇಡಿ. ನಿಮಗೆ ಬೇಕಾದದ್ದು ಒಂದೇ ಸಾಲು, ಅದು ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ಆ ಸಾಲಿನ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಇನ್ನು ಎರಡನೇ ಡಬ್ಬ. ಎಪಿಐ ಎಸ್‌ಎನ್/ಸಿಎಫ್, ಎಸಿಇಎ ಎ3/ಬಿ4. ಸಿಎಫ್ ಅನ್ನುವುದು 1994ರ ದರ್ಜೆ. ಆಗ ಪಿಕಪ್‌ಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರಲಿಲ್ಲ. ಈ ಡಬ್ಬದ ಕಥೆ ಹೇಳಬೇಕಾದರೆ ನನ್ನ ತಪ್ಪಿನ ಕಥೆಯೂ ಹೇಳಬೇಕು.

ಡಿಪಿಎಫ್, ಅಂದರೆ ಆ ಮಸಿ ಹಿಡಿಯುವ ಫಿಲ್ಟರ್, ಹೊಸದಾಗಿ ಬರುತ್ತಿದ್ದ ಕಾಲ. ಪರಿಚಯದವರೊಬ್ಬರ ಪಿಕಪ್ಪು, ಲಕ್ಷ ಕಿಲೋಮೀಟರ್ ದಾಟಿದ್ದು, ಒಂಚೂರು ಎಣ್ಣೆ ತಿನ್ನುತ್ತಿತ್ತು. ‘ಒಳ್ಳೇದೇ ಹಾಕಿ, ಕಾಸಿನ ಮುಖ ನೋಡಬೇಡಿ’ ಅಂದರು. ನಾನು ಹಾಕಿದ್ದು ಇಂಥದ್ದೇ, ಎ3/ಬಿ4. ಬ್ಯಾರಲ್‌ನಲ್ಲಿ ಇತ್ತು, ಬೇರೆ ಗಾಡಿಗಳಿಗೆ ಹಾಕಿ ನಂಬಿಕೆ ಬಂದಿತ್ತು. ಮೂರ್ನಾಲ್ಕು ಸಲ ಅದೇ ಹಾಕಿದೆ. ಅವರು ಬಂದು ಹೇಳಿದರು, ಫಿಲ್ಟರಿನ ಮಸಿ ಸುಡುವಾಗ ಹತ್ತುವ ದೀಪ ಬೇಗಬೇಗ ಹತ್ತುತ್ತಿದೆ, ಮುಂಚೆ ವಾರಕ್ಕೊಮ್ಮೆ, ಈಗ ದಿನ ಬಿಟ್ಟು ದಿನ. ನಾನು ಅವರ ಮೇಲೇ ಹಾಕಿದೆ. ನೀವು ಹತ್ತಿರ ಹತ್ತಿರ ಓಡಿಸುತ್ತೀರಿ, ಒಂದು ಸಲ ದೂರ ಓಡಿಸಿ, ಸರಿಹೋಗುತ್ತದೆ ಅಂದೆ. ಓಡಿಸಿ ಬಂದರು. ಸರಿಹೋಗಲಿಲ್ಲ.

ಕೊನೆಗೆ ಫಿಲ್ಟರ್ ಬಿಚ್ಚಿದೆವು. ಅದರ ಮುಖ ಜೇನುಗೂಡಿನ ಹಾಗೆ, ಸಣ್ಣ ಸಣ್ಣ ಚೌಕದ ತೂತುಗಳು. ಒಂದು ಬಿಟ್ಟು ಒಂದು ಮುಚ್ಚಿರುತ್ತದೆ, ಹೊಗೆ ಗೋಡೆ ಹಾದು ಪಕ್ಕದ ತೂತಿನಿಂದ ಆಚೆ ಬರಲಿ ಅಂತ. ಹಿಂದಿನಿಂದ ಮೆಲ್ಲಗೆ ಗಾಳಿ ಊದಿದಾಗ ಮಸಿ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಕಪ್ಪು ಅಲ್ಲ. ತಿಳಿ ಕಂದು ಬಣ್ಣದ, ಮುಟ್ಟಿದರೆ ಜಾರುವಷ್ಟು ನುಣ್ಣನೆಯ ಪುಡಿ. ಬೂದಿ.

ಮಸಿಗೂ ಬೂದಿಗೂ ಇರುವ ಫರಕು ನನಗೆ ಮೈಗಿಳಿದದ್ದು ಆಗ. ಮಸಿ ಅಂದರೆ ಇಂಗಾಲ. ಸುಮಾರು 600 ಡಿಗ್ರಿ ಬಿಸಿ ಮಾಡಿದರೆ ಉರಿದು ಗಾಳಿಗೆ ಹೋಗುತ್ತದೆ. ಆ ದೀಪ ಹತ್ತಿದಾಗ ಗಾಡಿ ತಾನೇ ಮಾಡುವ ಕೆಲಸ ಅದೇ. ಬೂದಿ ಅಂದರೆ ಎಣ್ಣೆಯಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು. ಅದು ಆಗಲೇ ಉರಿದು ಉಳಿದದ್ದು. ಬೂದಿಯನ್ನು ಇನ್ನೆಷ್ಟು ಸುಟ್ಟರೂ ಬೂದಿಯೇ ಅಲ್ವಾ? ಅದು ತೂತಿನ ತುದಿಯಲ್ಲಿ ಕೂತುಬಿಡುತ್ತದೆ. ಎಷ್ಟು ಬೂದಿ ಕೂತಿದೆಯೋ ಅಷ್ಟು ಜಾಗ ಮಸಿಗೆ ಕಡಿಮೆ. ಅದಕ್ಕೇ ದೀಪ ಬೇಗಬೇಗ ಹತ್ತುವುದು.

ಒಂದು ಲೆಕ್ಕ ಮಾಡೋಣ, ಕಾಗದದ ಮೇಲಿನ ಲೆಕ್ಕ ಅಷ್ಟೇ. ಒಂದು ಲೀಟರ್ ಎಣ್ಣೆ ಸುಮಾರು 850 ಗ್ರಾಂ. ಗಾಡಿ 5000 ಕಿಲೋಮೀಟರ್‌ಗೆ ಒಂದು ಲೀಟರ್ ತಿನ್ನುತ್ತದೆ ಅಂದುಕೊಳ್ಳಿ. ಒಂದೂವರೆ ಲಕ್ಷ ಕಿಲೋಮೀಟರ್‌ಗೆ 30 ಲೀಟರ್. ಬೂದಿ ನೂರಕ್ಕೆ 0.8 ಇದ್ದರೆ 204 ಗ್ರಾಂ. ಒಂದೂವರೆ ಇದ್ದರೆ 382 ಗ್ರಾಂ. ಎಲ್ಲವೂ ಫಿಲ್ಟರ್‌ಗೆ ಬಂದು ಕೂರುವುದಿಲ್ಲ, ನಿಜ. ಆದರೆ ಹೆಚ್ಚುಕಡಿಮೆ ಎರಡು ಪಟ್ಟು ಅನ್ನುವುದು ಹೋಗುವುದಿಲ್ಲ. ಎಸಿಇಎ ಸಿ3 ಎಣ್ಣೆಯಲ್ಲಿ ಬೂದಿ 0.8 ಮೀರಬಾರದು. ಸಿಕೆ-4ರಲ್ಲಿ 1.0. ಎ3/ಬಿ4 ಎಣ್ಣೆಯಲ್ಲಿ 1.6ರ ತನಕ ಹೋಗಬಹುದು. ನಾನು ಹಾಕಿದ್ದು ಕೆಟ್ಟ ಎಣ್ಣೆ ಅಲ್ಲ, ಜಾಗ ತಪ್ಪಿದ ಎಣ್ಣೆ. ಫಿಲ್ಟರ್‌ನಲ್ಲಿದ್ದ ಬೂದಿಯೆಲ್ಲ ನನ್ನದೇ ಅಂತಲೂ ಅಲ್ಲ, ಲಕ್ಷ ಕಿಲೋಮೀಟರಿನ ಹಳೆಯದೂ ಇತ್ತು. ಆದರೂ ಫಿಲ್ಟರ್ ತೊಳೆಸಿದ ಖರ್ಚು ನಾನೇ ಹಾಕಿದೆ. ಅವರ ಮೇಲೆ ಗೂಬೆ ಕೂರಿಸಿದ್ದಕ್ಕೆ ಅಷ್ಟಾದರೂ ಮಾಡಬೇಕಿತ್ತು.

ಇನ್ನೊಂದು ಕಾಟ ಇದೆ. ಇದನ್ನು ಎಣ್ಣೆ ಆರಿಸಿ ಗೆಲ್ಲಲು ಆಗುವುದಿಲ್ಲ, ಕಡ್ಡಿ ನೋಡಿಯೇ ಗೆಲ್ಲಬೇಕು.

ಒಬ್ಬರು ಬಂದು ಖುಷಿಯಿಂದ ಹೇಳಿದರು, ‘ಎಂಥ ಎಂಜಿನ್ ಸಾರ್! ಎಣ್ಣೆ ಕಡಿಮೆಯೇ ಆಗುತ್ತಿಲ್ಲ, ಜಾಸ್ತಿಯಾಗುತ್ತಿದೆ.’ ನನಗೆ ಎದೆ ಧಸಕ್ ಅಂತು. ಕಡ್ಡಿ ಎಳೆದು ನೋಡಿದೆ. ಮೇಲಿನ ಗೆರೆಯಿಂದ ಎರಡು ಬೆರಳು ಮೇಲಿತ್ತು. ಕಡ್ಡಿ ತುದಿಯಿಂದ ಎಣ್ಣೆ ತೊಟ್ಟಿಕ್ಕಿದ ರೀತಿ ನೋಡಿದರೇ ಗೊತ್ತಾಯಿತು. ಎಣ್ಣೆ ಹಾಗೆ ಬೀಳುವುದಿಲ್ಲ, ಎಳೆ ಎಳೆದು ಬೀಳುತ್ತದೆ. ಇದು ನೀರಿನ ಹಾಗೆ ಟಪ್ ಟಪ್ ಅಂತ ಬಿತ್ತು. ಮೂಸಿದರೆ ಡೀಸೆಲ್ ವಾಸನೆ. ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಟ್ಟು ಅರ್ಧ ಗಂಟೆ ಕಾದೆವು. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ದೂರದವರೆಗೆ ಹರಡಿದ ತೆಳು ಹಳದಿ ಉಂಗುರ. ಆ ಹಳದಿ ಉಂಗುರವೇ ಡೀಸೆಲ್.

ಅದು ಎಣ್ಣೆಗೆ ಹೇಗೆ ಬಂತು? ಫಿಲ್ಟರಿನ ಮಸಿ ಸುಡಲು ಬಿಸಿ ಬೇಕು. ತುಂಬಾ ಎಂಜಿನ್‌ಗಳು ಉರಿ ಮುಗಿದ ಮೇಲೆ ಸಿಲಿಂಡರ್ ಒಳಗೇ ಸ್ವಲ್ಪ ಡೀಸೆಲ್ ಚಿಮ್ಮಿಸುತ್ತವೆ, ಅದು ಹೊಗೆ ಕೊಳವೆಯಲ್ಲಿ ಉರಿಯಲಿ ಅಂತ. ಒಂದಷ್ಟು ಸಿಲಿಂಡರ್ ಗೋಡೆಗೆ ಬಡಿದು ಕೆಳಗೆ ಇಳಿಯುತ್ತದೆ. ಸುಡುವ ಕೆಲಸ ಮುಗಿಯುವ ಮುಂಚೆಯೇ ಎಂಜಿನ್ ಆರಿಸಿದರೆ, ಮತ್ತೆ ಮೊದಲಿಂದ ಶುರು, ಮತ್ತೆ ಡೀಸೆಲ್ ಕೆಳಗೆ. ಇಂಧನದಲ್ಲಿ ಬಯೋಡೀಸೆಲ್ ಇದ್ದರೆ ಅದು ಆವಿಯಾಗಿ ಹೋಗುವುದೂ ಇಲ್ಲ, ಎಣ್ಣೆಯಲ್ಲೇ ಉಳಿಯುತ್ತದೆ. ನೂರಕ್ಕೆ ಐದರಷ್ಟು ಡೀಸೆಲ್ ಸೇರಿದರೂ 40ರ ಎಣ್ಣೆ 30ರ ಕಡೆ ಜಾರುತ್ತದೆ. ಆಗ ನೀವು ಆರಿಸಿ ತಂದ ಸಿಂಥೆಟಿಕ್ಕು, ಪಿಎಒ, ಎಸ್ಟರ್, ಯಾವುದೂ ಉಳಿಸುವುದಿಲ್ಲ. ಎಣ್ಣೆಯಲ್ಲೇ ಮುಳುಗಿ ಓಡುವ ರಬ್ಬರ್ ಬೆಲ್ಟ್ ಕೆಲವು ಹೊಸ ಡೀಸೆಲ್‌ಗಳಲ್ಲಿದೆ, ಅವುಗಳಿಗಂತೂ ಇದು ವಿಷ. ಮಟ್ಟ ಏರಿದರೆ ಬದಲಿಸಿ. ಹೋದ ತಿಂಗಳು ತಾನೇ ಹಾಕಿಸಿದ್ದು ಅಂತ ಕೂರಬೇಡಿ.

ಹಳೆಯ ಗಾಡಿ ಇರುವವರು ಇಷ್ಟೊತ್ತು ಸುಮ್ನೆ ನಗುತ್ತಾ ಕೂತಿದ್ದೀರಿ. ನಮಗೆ ಫಿಲ್ಟರೇ ಇಲ್ಲ ಅಂತ. ನಿಮಗೂ ಒಂದು ಮಾತಿದೆ. 1994ರಿಂದ ಬಂದ ಫೋರ್ಡ್ 7.3 ಪವರ್‌ಸ್ಟ್ರೋಕ್, ಆಮೇಲಿನ 6.0, ಇವುಗಳಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನು ಒತ್ತುವುದೇ ಎಂಜಿನ್ ಎಣ್ಣೆ. 7.3ರಲ್ಲಿ ಎಣ್ಣೆಯ ಒತ್ತಡ ಇಂಜೆಕ್ಟರ್ ಒಳಗೆ ಏಳು ಪಟ್ಟಾಗಿ ಡೀಸೆಲ್‌ಗೆ ಸೇರುತ್ತದೆ. ಅಂದರೆ ಅಲ್ಲಿ ಎಣ್ಣೆ ಬರೀ ಜಾರಿಸುವ ವಸ್ತು ಅಲ್ಲ, ಕೆಲಸ ಮಾಡುವ ಆಳು. ಚಳಿಯ ಬೆಳಗಿನಲ್ಲಿ ಮಂದ ಎಣ್ಣೆ ಇದ್ದರೆ ಇಂಜೆಕ್ಟರೇ ಸರಿಯಾಗಿ ಅಲುಗುವುದಿಲ್ಲ. ಗಾಡಿ ಗೊರಗೊರ ಅಂತ ನಡುಗುತ್ತದೆ. 15ಡಬ್ಲ್ಯೂ-40 ಬಿಟ್ಟು 5ಡಬ್ಲ್ಯೂ-40 ಸಿಂಥೆಟಿಕ್‌ಗೆ ಬಂದವರಿಗೆ ಮೊದಲ ಬೆಳಿಗ್ಗೆಯೇ ಕಿವಿಗೆ ಗೊತ್ತಾಗುತ್ತದೆ. ಸಿಂಥೆಟಿಕ್ ಹಾಕಿದ ಲಾಭ ಕಣ್ಣಾರೆ ಕಾಣುವ ಎಂಜಿನ್ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು? ಪುಸ್ತಕದಲ್ಲಿ ಎರಡು ಸಾಲು ಇರುತ್ತದೆ, ಸಾಮಾನ್ಯ ಬಳಕೆ, ಕಠಿಣ ಬಳಕೆ. ಭಾರ ಎಳೆಯುವುದು, ಧೂಳು, ಹತ್ತಿರದ ಓಡಾಟ, ಗಂಟೆಗಟ್ಟಲೆ ನಿಂತಲ್ಲೇ ಓಡುವುದು, ಎಲ್ಲವೂ ಕಠಿಣ. ಪಿಕಪ್ ಕೊಂಡವರಲ್ಲಿ ‘ಸಾಮಾನ್ಯ’ ಯಾರು ಅಂತ ನನಗೆ ಇನ್ನೂ ಸಿಕ್ಕಿಲ್ಲ. ನಿಂತಲ್ಲೇ ಓಡಿದ ಗಂಟೆ ಮೀಟರಿನ ಕಿಲೋಮೀಟರ್‌ಗೆ ಸೇರುವುದಿಲ್ಲ, ಎಣ್ಣೆಗೆ ಮಾತ್ರ ಸೇರುತ್ತದೆ. ಸಿಂಥೆಟಿಕ್ ಹಾಕಿದ್ದೀನಿ, ಎರಡು ಪಟ್ಟು ಓಡಿಸುತ್ತೀನಿ ಅನ್ನುವವರಿಗೆ ಒಂದೇ ಮಾತು. ಓಡಿಸಿ, ಆದರೆ ಎಣ್ಣೆಯನ್ನು ಲ್ಯಾಬಿಗೆ ಕೊಟ್ಟು ನೋಡಿ ಓಡಿಸಿ. ಮೂಲ ಎಣ್ಣೆ ಗಟ್ಟಿಯಾಗಿ ಉಳಿದಿರಬಹುದು, ಮಸಿ ಮತ್ತು ಡೀಸೆಲ್‌ಗೆ ಅದರ ಹಂಗಿಲ್ಲ. ಲ್ಯಾಬಿನ ವರದಿಯಲ್ಲಿ ಸಿಲಿಕಾನ್ ಏರಿದ್ದರೆ ಗಾಳಿ ಫಿಲ್ಟರ್ ಕಡೆಯಿಂದ ಧೂಳು ನುಗ್ಗುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲಂಟ್ ಸೋರುತ್ತಿರಬಹುದು. ಸೀಸ, ತಾಮ್ರ ಏರಿದ್ದರೆ ಬೇರಿಂಗ್ ಕಡೆ ನೋಡಿ. ಒಂದು ವರದಿಯಿಂದ ಏನೂ ತೀರ್ಮಾನ ಮಾಡಬೇಡಿ, ಮೂರು ಬರಲಿ. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದು ಮುಖ್ಯ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದಷ್ಟನ್ನು ಬರೆಯುತ್ತೇನೆ.

ಇಷ್ಟು ದಿನ ಮಿನರಲ್ ಎಣ್ಣೆ ಹಾಕಿದ್ದೇವೆ, ಈಗ ಸಿಂಥೆಟಿಕ್ ಹಾಕಿದರೆ ಸೀಲು ಸೋರುತ್ತದಂತೆ? ಆ ಭಯಕ್ಕೆ ಮೂಲ ಇದೆ. ಮೊದಲ ಕಾಲದ ಕೆಲವು ಸಿಂಥೆಟಿಕ್‌ಗಳು ರಬ್ಬರ್ ಸೀಲಿಗೆ ಆಗಿಬರುತ್ತಿರಲಿಲ್ಲ. ಈಗಿನವು ಸೀಲಿನ ಪರೀಕ್ಷೆ ದಾಟಿಯೇ ಬರುತ್ತವೆ. ಆದರೆ ನಿಮ್ಮ ಸೀಲು ಆಗಲೇ ಒಣಗಿ ಬಿರುಕು ಬಿಟ್ಟು, ಜಿಡ್ಡು ಕಟ್ಟಿ ಮುಚ್ಚಿಕೊಂಡಿದ್ದರೆ, ಆ ಜಿಡ್ಡು ಕರಗಿ ಸೋರಬಹುದು. ಸೋರುವುದು ಸೀಲಿನ ದೋಷ, ಎಣ್ಣೆ ಅದನ್ನು ತೋರಿಸಿಕೊಟ್ಟಿತು ಅಷ್ಟೇ.

ದಾರಿಯಲ್ಲಿ ಎಣ್ಣೆ ಕಡಿಮೆಯಾದರೆ ಬೇರೆ ಕಂಪನಿಯದ್ದು ಸೇರಿಸಬಹುದಾ? ಸೇರಿಸಿ. ಕಡಿಮೆ ಎಣ್ಣೆಯಲ್ಲಿ ಓಡಿಸುವುದಕ್ಕಿಂತ ಸಾವಿರ ಪಾಲು ಮೇಲು. ಅದೇ ದರ್ಜೆಯದು ಸಿಕ್ಕರೆ ಒಳ್ಳೆಯದು. ಸಿಂಥೆಟಿಕ್ ಜೊತೆ ಮಿನರಲ್ ಸೇರಿದರೂ ಮೊಸರಾಗುವುದಿಲ್ಲ, ಸಿಂಥೆಟಿಕ್‌ನ ಗುಣ ಸ್ವಲ್ಪ ತಗ್ಗುತ್ತದೆ.

ಎಣ್ಣೆಗೆ ಮೇಲಿಂದ ಸುರಿಯುವ ಚಿಕ್ಕ ಬಾಟಲಿ ಬರುತ್ತದಲ್ಲ, ಅದು? ಬೇಡ. ಹಾಕಬೇಕಾದದ್ದನ್ನು ಎಣ್ಣೆ ಮಾಡುವವರೇ ತೂಕ ಮಾಡಿ ಹಾಕಿದ್ದಾರೆ. ಅದರ ಮೇಲೆ ಇನ್ನೊಂದಿಷ್ಟು ಜಿಂಕ್ ಸುರಿದರೆ ಬೂದಿ ಏರುತ್ತದೆ. ಆಮೇಲೆ ಫಿಲ್ಟರ್ ಬಿಚ್ಚಲು ನನ್ನ ಹತ್ತಿರವೇ ಬರುತ್ತೀರಿ.

ಟೇಪು ತೆಗೆದು ಕಂಪನಿ ಹೆಸರು ತೋರಿಸಿ ಅಂತ ಮೂರು ಜನ ಕೇಳಿದರು. ತೋರಿಸಲಿಲ್ಲ.

ಕೊನೆಗೆ ಹಿಂದೆ ಕೂತಿದ್ದ ಒಬ್ಬ ಹುಡುಗ ಎದ್ದು ಕೇಳಿದ, ‘ಹಾಗಾದರೆ ಈ ಎರಡನೇ ಡಬ್ಬ ಏನು ಮಾಡುತ್ತೀರಿ? ಚೆಲ್ಲುತ್ತೀರಾ?’ ಯಾಕಪ್ಪಾ ಚೆಲ್ಲಲಿ ಅಂದೆ. ನನ್ನ ಹಳೇ ಪಿಕಪ್ಪಿಗೆ ಡಿಪಿಎಫ್ಫೂ ಇಲ್ಲ, ಇಜಿಆರೂ ಇಲ್ಲ. ಅದರ ಪುಸ್ತಕದಲ್ಲಿ ಸಿಎಫ್ ಅಂತಲೇ ಇದೆ, ಬರುವ ಮುಂಚೆ ಇನ್ನೊಂದು ಸಲ ತೆಗೆದು ನೋಡಿಕೊಂಡೇ ಬಂದೆ. ನಾಳೆ ಬೆಳಿಗ್ಗೆ ಇದು ಅದರ ಹೊಟ್ಟೆಗೆ ಹೋಗುತ್ತದೆ.